ರಾಜಕಾಲುವೆ ಸೇತುವೆಯ ನಾಲ್ಕು ಕಂಬ: ಕಾರ್ಬನ್ ಬಟ್ಟೆ ಸುತ್ತೋಕೆ ಮುಂಚಿನ ಕೆಲಸವೇ ಜಾಸ್ತಿ

ಬೆಂಗಳೂರಿನ ಮೈಸೂರು ರಸ್ತೆ ಕಡೆ ಒಂದು ಹಳೇ ಕಾರ್ಖಾನೆ. ಆವರಣದ ಮಧ್ಯದಲ್ಲೇ ರಾಜಕಾಲುವೆ ಹರಿಯುತ್ತದೆ, ಮುಂದೆ ಹೋಗಿ ವೃಷಭಾವತಿ ನದಿ ಸೇರುವ ಕವಲು. ಗೇಟು ಈಚೆ ದಡ, ಗೋಡೌನು ಆಚೆ ದಡ. ನಡುವೆ ಲಾರಿ ಓಡಾಡಲು ಚಿಕ್ಕ ಕಾಂಕ್ರೀಟ್ ಸೇತುವೆ: ಮೂರು ಸ್ಪ್ಯಾನು (ಒಂದು ಆಧಾರದಿಂದ ಇನ್ನೊಂದರವರೆಗಿನ ಭಾಗ), ಎರಡು ಸಾಲು ಕಂಬ, ಸಾಲಿಗೆ ಎರಡರಂತೆ ಒಟ್ಟು ನಾಲ್ಕು ಗುಂಡು ಕಂಬ, ಒಂದೊಂದೂ 600 ಮಿ.ಮೀ. ವ್ಯಾಸ. ಕಟ್ಟಿ ನಲವತ್ತು ವರ್ಷ ದಾಟಿದೆ. ಡ್ರಾಯಿಂಗ್ ಯಾರ ಹತ್ತಿರವೂ ಇಲ್ಲ.

ಕಂಬದ ಮೈಯಿಂದ ಚಕ್ಕೆ ಉದುರಿ ಕಂಬಿ ಕಾಣಿಸಿದ ಮೇಲೆ ಮಾಲೀಕರು ನಮ್ಮನ್ನು ಕರೆಸಿದರು. ಅವರ ತಲೆಯಲ್ಲಿ ಪೀಣ್ಯ ಮೇಲ್ಸೇತುವೆ ಕೂತಿತ್ತು. 2021ರ ಡಿಸೆಂಬರ್‌ನಲ್ಲಿ ಅದನ್ನು ಮುಚ್ಚಿದ್ದನ್ನು ತುಮಕೂರು ರಸ್ತೆಯಲ್ಲಿ ಓಡಾಡುವ ಯಾರೂ ಮರೆತಿಲ್ಲ. ಆದರೆ ಅಲ್ಲಿನ ತೊಂದರೆ ಬೇರೆ, ಗರ್ಡರ್ ಒಳಗೆ ಬಿಗಿದಿದ್ದ ಕೇಬಲ್‌ಗಳಿಗೆ ತುಕ್ಕು ಹಿಡಿದಿತ್ತು. ಇಲ್ಲಿ ಕೇಬಲ್ಲೇ ಇಲ್ಲ, ಸಾದಾ ಆರ್‌ಸಿಸಿ. ಹಾಗಾಗಿ ‘ಕಾರ್ಬನ್ ಫೈಬರ್ ಸುತ್ತಿಬಿಡಿ’ ಅಂತ ಅವರು ಹೇಳಿದ ತಕ್ಷಣ ಆ ಬಟ್ಟೆಯ (ರೆಸಿನ್ ಅನ್ನುವ ಅಂಟಿನಲ್ಲಿ ನೆನೆಸಿ ಕಂಬಕ್ಕೆ ಸುತ್ತುವ ಕಾರ್ಬನ್ ಎಳೆಯ ಬಟ್ಟೆ) ರೋಲ್ ತರಿಸಲಿಲ್ಲ. ಮೊದಲು ಕಂಬಕ್ಕೆ ಏನಾಗಿದೆ ಅಂತ ನೋಡಬೇಕಲ್ವಾ?

ನೀರಿನ ಗೆರೆಗಿಂತ ಒಂದು ಅಡಿ ಮೇಲೆ ಅತಿ ಕೆಟ್ಟ ಜಾಗ ಇತ್ತು. ಸ್ಕ್ರೂಡ್ರೈವರ್‌ನಿಂದ ಕೆರೆದರೆ ಬಿಳಿ ಹಿಟ್ಟಿನಂಥದ್ದು ತುದಿಗೆ ಅಂಟಿಕೊಂಡು ಬರುತ್ತದೆ. ಅದು ಕಾಂಕ್ರೀಟ್ ಹೌದೋ ಅಲ್ಲವೋ ಅನ್ನುವಷ್ಟು ಮೆತ್ತಗೆ. ಕಾರಣ ಕೊಳಚೆ ನೀರೇ. ಕೊಳಚೆಯಿಂದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ, ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ಮುಚ್ಚಿಸುವ ಅದೇ ವಾಸನೆ. ನೀರಿನ ಮೇಲಿರುವ ಒದ್ದೆ ಮೈಯಲ್ಲಿ ಬ್ಯಾಕ್ಟೀರಿಯಾ ಅದನ್ನು ಸಲ್ಫ್ಯೂರಿಕ್ ಆಸಿಡ್ ಮಾಡುತ್ತವೆ. ಆಸಿಡ್ ಸಿಮೆಂಟನ್ನು ತಿಂದು ಜಿಪ್ಸಮ್ ಮಾಡುತ್ತದೆ. ಆ ಬಿಳಿ ಹಿಟ್ಟು ಅದೇ. ನೀರೊಳಗೆ ಮುಳುಗಿರುವ ಭಾಗ ಇದಕ್ಕಿಂತ ಗಟ್ಟಿಯಾಗಿತ್ತು, ನೋಡಿದವರಿಗೆ ಆಶ್ಚರ್ಯ ಆಗುತ್ತದೆ.

ಮೇಲಿನ ಒಣ ಭಾಗದ ಕಥೆ ಬೇರೆ. ಅಲ್ಲಿ ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ತಲೀನ್ ಅನ್ನುವ ಪರೀಕ್ಷೆಯ ದ್ರಾವಣ ಸಿಂಪಡಿಸಿದೆವು. ಕಾಂಕ್ರೀಟ್ ಆರೋಗ್ಯವಾಗಿದ್ದರೆ ಗಾಢ ಗುಲಾಬಿ ಬಣ್ಣ ಬರುತ್ತದೆ, ಕೆಟ್ಟಿದ್ದರೆ ಬಣ್ಣವೇ ಬರುವುದಿಲ್ಲ. ಹೊರಗಿನ 30 ಮಿ.ಮೀ.ವರೆಗೆ ಬಣ್ಣ ಇಲ್ಲ, ಅದರ ಒಳಗೆ ಗುಲಾಬಿ. ಕವರ್, ಅಂದರೆ ಕಂಬಿಯನ್ನು ಮುಚ್ಚಿರುವ ಕಾಂಕ್ರೀಟಿನ ದಪ್ಪ, ಕೆಲವು ಕಡೆ 40, ಕೆಲವು ಕಡೆ ಬರೀ 25. ಅಂದರೆ 25 ಇರುವ ಕಡೆ ಕಂಬಿಗೆ ರಕ್ಷಣೆ ಹೋಗಿ ಎಷ್ಟೋ ಕಾಲ ಆಗಿದೆ. ಒಳ್ಳೆ ಕಾಂಕ್ರೀಟಿನ ಪಿಎಚ್ (ಕ್ಷಾರ ಎಷ್ಟಿದೆ ಅನ್ನುವ ಅಳತೆ) 12.5ರ ಮೇಲಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನವಾಗಿ ಒಳಗೆ ಇಳಿದು ಅದು 9ಕ್ಕಿಂತ ಕೆಳಗೆ ಬಂದರೆ ತುಕ್ಕು ಶುರು. ತುಕ್ಕು ಮೂಲ ಉಕ್ಕಿಗಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ, ಕವರ್ ಸಿಡಿಯದೆ ಇನ್ನೇನಾಗುತ್ತದೆ.

ಒಳಗಿನ ತುಕ್ಕಿನ ಅಂದಾಜಿಗೆ ವೋಲ್ಟೇಜ್ ಅಳೆಯುವ ಹಾಫ್ ಸೆಲ್ ಮೀಟರ್ ಇಟ್ಟಾಗ ಕೆಳಗಿನ ಅರ್ಧ ಭಾಗದಲ್ಲಿ ಮೈನಸ್ 350 ಮಿಲಿವೋಲ್ಟ್ ದಾಟಿ ಇನ್ನೂ ಕೆಳಗೆ ತೋರಿಸಿತು. ತಾಮ್ರ–ತಾಮ್ರದ ಸಲ್ಫೇಟ್ ಎಲೆಕ್ಟ್ರೋಡ್ ಲೆಕ್ಕದಲ್ಲಿ ಹೀಗಿದ್ದರೆ ಒಳಗೆ ತುಕ್ಕು ನಡೆಯುತ್ತಿರುವ ಸಾಧ್ಯತೆ ನೂರಕ್ಕೆ 90ಕ್ಕಿಂತ ಜಾಸ್ತಿ. ಒಳಗಿನ ಕಾಂಕ್ರೀಟ್ ಮಾತ್ರ ಪರವಾಗಿಲ್ಲ. ಕೋರ್ (ಕೊಳವೆಯಂತೆ ಕೊರೆದ ತುಂಡು) ತೆಗೆದು ಒಡೆಸಿದಾಗ ಸಿಲಿಂಡರ್ ಲೆಕ್ಕದಲ್ಲಿ ಶಕ್ತಿ ಸುಮಾರು 20 ಎಂಪಿಎ (ಮೆಗಾಪ್ಯಾಸ್ಕಲ್) ಬಂತು. ಫೈಬರ್ ಅಂಟಿಸಲು ಕನಿಷ್ಠ 17 ಬೇಕು ಅನ್ನುತ್ತದೆ ಎಸಿಐ 440.2ಆರ್, ಅಮೆರಿಕದ ಕಾಂಕ್ರೀಟ್ ಸಂಸ್ಥೆಯ ಮಾರ್ಗಸೂಚಿ. ನಮ್ಮಲ್ಲಿ ಸೇತುವೆ ರಿಪೇರಿಗೆ ಐಆರ್‌ಸಿ ಎಸ್‌ಪಿ 40, ಅಂದರೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಇದೆ. ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡೇ ಲೆಕ್ಕ ಮಾಡಿದ್ದು.

ಇನ್ನು ಕಾರ್ಬನ್ನೇ ಯಾಕೆ ಅನ್ನೋದು. ಸುತ್ತಲೂ ಕಂಬಿ ಕಟ್ಟಿ 100 ಮಿ.ಮೀ. ಕಾಂಕ್ರೀಟ್ ಜಾಕೆಟ್ ಹಾಕೋದು ಎಲ್ಲರಿಗೂ ಗೊತ್ತಿರುವ ದಾರಿ, ಖರ್ಚೂ ಕಡಿಮೆ. ಆದರೆ 600 ಇದ್ದ ಕಂಬ 800 ಆಗುತ್ತದೆ. ಎರಡು ಸಾಲಿಗೆ ಸೇರಿ ಕಾಲುವೆಯ ಅಗಲದಲ್ಲಿ 400 ಮಿ.ಮೀ. ಹೋಯಿತು. 2022ರ ಸೆಪ್ಟೆಂಬರ್ ಮಳೆಯಲ್ಲಿ ಈ ಊರು ಏನಾಯಿತು ಅಂತ ನೋಡಿದ ಮೇಲೆ ರಾಜಕಾಲುವೆಯಲ್ಲಿ ಒಂದು ಗೇಣು ಜಾಗ ತಿನ್ನೋಕೂ ನನಗೆ ಮನಸ್ಸು ಬರಲ್ಲ. ಎರಡು ಪದರ ಕಾರ್ಬನ್ ಬಟ್ಟೆ, ರೆಸಿನ್ ಎಲ್ಲಾ ಸೇರಿ ಕೆಲವೇ ಮಿಲಿಮೀಟರ್.

ಗ್ಲಾಸ್ ಫೈಬರ್ ಅಗ್ಗ, ಅದನ್ನೂ ಯೋಚಿಸಿದೆವು. ಆದರೆ ಇಂಥ ಕೊಳಚೆ ವಾತಾವರಣದಲ್ಲಿ ಗ್ಲಾಸ್‌ನ ಶಕ್ತಿಯನ್ನು 0.50ರಿಂದ ಗುಣಿಸಿ ಅನ್ನುತ್ತದೆ ಎಸಿಐ, ಅಂದರೆ ಅರ್ಧ ಮಾತ್ರ ಲೆಕ್ಕಕ್ಕೆ. ಕಾರ್ಬನ್ನಿಗೆ 0.85. ಅಲ್ಲಿಗೆ ಅಗ್ಗ ಅನ್ನೋದು ಹೋಯಿತು.

ಮಾಲೀಕರಿಗೆ ಒಂದೇ ಅನುಮಾನ, ‘ಇಷ್ಟು ತೆಳ್ಳಗಿನ ಬಟ್ಟೆ ಲಾರಿ ತಡೆಯುತ್ತಾ ಸಾರ್?’ ಎತ್ತಿನ ಗಾಡಿ ಚಕ್ರಕ್ಕೆ ಕಾಯಿಸಿ ಹಾಕುವ ಕಬ್ಬಿಣದ ಪಟ್ಟಿ ನೆನಪಿಸಿಕೊಳ್ಳಿ ಅಂದೆ. ಪಟ್ಟಿ ಭಾರ ಹೊರುವುದಿಲ್ಲ, ಮರದ ತುಂಡುಗಳು ಹೊರಕ್ಕೆ ಬಿಚ್ಚಿಕೊಳ್ಳದಂತೆ ಬಿಗಿ ಹಿಡಿಯುತ್ತದೆ. ಕಂಬದ ಮೇಲೆ ಭಾರ ಬಿದ್ದಾಗ ಕಾಂಕ್ರೀಟ್ ಪಕ್ಕಕ್ಕೆ ಉಬ್ಬಲು ನೋಡುತ್ತದೆ, ಬಟ್ಟೆ ಬಿಡುವುದಿಲ್ಲ, ಹಾಗಾಗಿ ಒಳಗಿನ ಕಾಂಕ್ರೀಟ್ ಇನ್ನಷ್ಟು ಭಾರ ತಡೆಯುತ್ತದೆ. ಗುಂಡು ಕಂಬಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಚೌಕ ಕಂಬದಲ್ಲಿ ಮೂಲೆಗಳಲ್ಲಿ ಮಾತ್ರ ಬಿಗಿ ಸಿಗುತ್ತದೆ, ಮೂಲೆಯನ್ನೂ ಕನಿಷ್ಠ 13 ಮಿ.ಮೀ. ತ್ರಿಜ್ಯಕ್ಕೆ ಉಜ್ಜಿ ದುಂಡಗೆ ಮಾಡಬೇಕು, ಇಲ್ಲದಿದ್ದರೆ ಅಲ್ಲೇ ಎಳೆ ಕತ್ತರಿಸುತ್ತದೆ.

ಲೆಕ್ಕ ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಬಟ್ಟೆಯಲ್ಲಿ ಎಳೆಯ ನಿಜವಾದ ದಪ್ಪ 0.167 ಮಿ.ಮೀ. ಬಿಗಿತ ಸುಮಾರು 230 ಗಿಗಾಪ್ಯಾಸ್ಕಲ್, ಉಕ್ಕಿನದು 200. ಎಳೆ ಪೂರ್ತಿ ಹಿಗ್ಗುವ ಮಿತಿಯ 0.55 ಭಾಗ ಮಾತ್ರ ನಂಬಬೇಕು. ಹೀಗೆ ಹಾಕಿದರೆ ಎರಡು ಪದರ ಈ ಕಂಬವನ್ನು ಸುಮಾರು 1.8 ಎಂಪಿಎ ಒತ್ತಡದಲ್ಲಿ ಸುತ್ತಲಿಂದ ಹಿಡಿಯುತ್ತದೆ, 20 ಇದ್ದ ಕಾಂಕ್ರೀಟ್ 25ರ ಮೇಲೆ ಹೋಗುತ್ತದೆ. ಒಂದೇ ಪದರ ಸಾಕಲ್ವಾ ಅಂದರೆ ಸಾಲದು. ಸುತ್ತಲಿನ ಒತ್ತಡ ಕಾಂಕ್ರೀಟ್ ಶಕ್ತಿಯ 0.08 ಭಾಗಕ್ಕಿಂತ ಕಡಿಮೆ ಇದ್ದರೆ ಶಕ್ತಿ ಹೆಚ್ಚಿತು ಅಂತ ಹೇಳಿಕೊಳ್ಳುವಂತಿಲ್ಲ. ಒಂದು ಪದರಕ್ಕೆ 0.045 ಬರುತ್ತದೆ, ಎರಡಕ್ಕೆ 0.09. ಒಂದು ಪದರ ಸುತ್ತಿ ಬಣ್ಣ ಹೊಡೆದು ಬಿಲ್ ಮಾಡುವವರು ಇದ್ದಾರೆ, ದಯವಿಟ್ಟು ಈ ಒಂದು ಸಂಖ್ಯೆ ಕೇಳಿ.

ಇನ್ನೊಂದು ಮಾತು, ಇದಕ್ಕೆ ನಾನು ತುಂಬಾ ಒತ್ತು ಕೊಡುತ್ತೇನೆ. ಅಡ್ಡಕ್ಕೆ ಸುತ್ತಿದ ಬಟ್ಟೆ, ಒಳಗೆ ನಿಂತಿರುವ ಕಂಬಿಗೆ ಬದಲಿ ಅಲ್ಲ. ಉದ್ದ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗು ತುಕ್ಕು ತಿಂದಿದ್ದರೆ ಅದರ ಕೆಲಸ ಬಟ್ಟೆ ಮಾಡುತ್ತದೆ, ಉದ್ದ ಕಂಬಿಯ ಕೆಲಸ ಮಾಡುವುದಿಲ್ಲ. ಇಲ್ಲಿ 8 ಮಿ.ಮೀ. ರಿಂಗುಗಳು ಕೆಲವು ಕಡೆ ತುಂಡಾಗಿಯೇ ಹೋಗಿದ್ದವು, ಕೈಯಲ್ಲಿ ಎಳೆದರೆ ಪದರ ಪದರವಾಗಿ ಬಂದವು. 20 ಮಿ.ಮೀ. ಉದ್ದ ಕಂಬಿಯನ್ನು ಬ್ರಷ್ ಹಾಕಿ ಉಜ್ಜಿ ವರ್ನಿಯರ್‌ನಲ್ಲಿ ಅಳೆದರೆ ಕೆಟ್ಟ ಜಾಗದಲ್ಲಿ 17 ಉಳಿದಿತ್ತು. ಮೂರು ಮಿಲಿಮೀಟರ್ ತಾನೇ ಅನಿಸುತ್ತದೆ, ಆದರೆ ವಿಸ್ತೀರ್ಣದಲ್ಲಿ ನೂರಕ್ಕೆ 28 ಹೋಗಿದೆ. ಅಂಥ ಕಡೆಯೆಲ್ಲ ಪಕ್ಕದಲ್ಲಿ 16 ಮಿ.ಮೀ. ಕಂಬಿ ಕೊಟ್ಟು, ತುಕ್ಕಿಲ್ಲದ ಭಾಗದವರೆಗೆ ಲ್ಯಾಪ್ (ಹಳೇ ಕಂಬಿಯ ಜೊತೆ ಜೋಡಿಯಾಗಿ ಹೋಗುವ ಉದ್ದ) ಒಯ್ದು ಕಟ್ಟಿಸಿದೆ.

ಕೆಲಸ ಶುರುವಾಗಿದ್ದು ಜನವರಿಯಲ್ಲಿ. ಕಾಲುವೆ ಬತ್ತೋದಿಲ್ಲ, ಕೊಳಚೆ ವರ್ಷವಿಡೀ ಹರಿಯುತ್ತದೆ. ರಾಜಕಾಲುವೆ ವಿಭಾಗದ ಅನುಮತಿ ಬಂದ ಮೇಲೆ ಮರಳು ಚೀಲದ ಕಟ್ಟೆ ಕಟ್ಟಿ ಹರಿವನ್ನು ಒಂದು ಬದಿಯ ಸ್ಪ್ಯಾನಿಗೆ ತಿರುಗಿಸಿ, ಒಂದೊಂದು ಸಾಲನ್ನೇ ಮುಗಿಸಿದೆವು. ಜಿನುಗುವ ನೀರಿಗೆ ಮೋಟಾರು ಓಡುತ್ತಲೇ ಇರಬೇಕು. ಗ್ಯಾಸ್ ಮೀಟರ್ ಕೆಳಗೆ ಇಳಿಸಿ ನೋಡದೆ ಯಾರನ್ನೂ ಇಳಿಸಲಿಲ್ಲ. ತೆರೆದ ಕಾಲುವೆ ಅಂತ ಅಸಡ್ಡೆ ಬೇಡ, ಹೂಳು ಕದಡಿದಾಗ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಏಳುತ್ತದೆ. ಲಾರಿ ಬಂದ್, ಬೀಮಿನ ಕೆಳಗೆ ಉಕ್ಕಿನ ಸಪೋರ್ಟ್ ಕೊಟ್ಟು ಭಾರ ಇಳಿಸಿಕೊಂಡೇ ಚಿಪ್ಪಿಂಗ್, ಅಂದರೆ ಕೆಟ್ಟ ಕಾಂಕ್ರೀಟ್ ಕೆತ್ತಿ ತೆಗೆಯುವುದು.

ಹೂಳು ತೆಗೆದ ಮೇಲೆ ಫೂಟಿಂಗ್ (ಕಂಬದ ಪಾಯ) ನೋಡಿದೆವು. ಮೂರು ಚೆನ್ನಾಗಿವೆ. ಎರಡನೇ ಸಾಲಿನಲ್ಲಿ ನೀರು ಹರಿದುಹೋಗುವ ಬದಿಯ ಕಂಬದ ಬುಡದಲ್ಲಿ ನೀರು ಮಣ್ಣು ಕೊರೆದು ಫೂಟಿಂಗ್ ಅಂಚು ಹೊರಗೆ ಕಾಣುತ್ತಿತ್ತು. ಅಲ್ಲಿ ಮೊದಲು ಕಾಂಕ್ರೀಟ್ ತುಂಬಿ ಸುತ್ತ ದಪ್ಪ ಕಲ್ಲು ಹಾಸಿಸಿದೆ. ಬುಡ ಕದಲಿದರೆ ಮೇಲೆ ಏನು ಸುತ್ತಿದರೂ ಅಷ್ಟೇ.

ಚಿಪ್ಪಿಂಗ್‌ನಲ್ಲಿ ಅರ್ಧಕ್ಕೆ ನಿಲ್ಲಿಸೋದೇ ಎಲ್ಲ ಕಡೆ ನಡೆಯುವ ಮೋಸ. ಕಂಬಿ ಕಾಣಿಸಿದ ತಕ್ಷಣ ನಿಲ್ಲಿಸುತ್ತಾರೆ. ಕಂಬಿಯ ಹಿಂದೆಯೂ 20–25 ಮಿ.ಮೀ. ಖಾಲಿ ಆಗಬೇಕು, ಬೆರಳು ಹಿಂದೆ ಹೋಗಬೇಕು. ಯಾಕೆಂದರೆ ತುಕ್ಕು ಹಿಂಬದಿಯಲ್ಲೂ ಇರುತ್ತದೆ, ಹೊಸ ಕಾಂಕ್ರೀಟ್ ಕಂಬಿಯನ್ನು ಪೂರ್ತಿ ಅಪ್ಪಿ ಹಿಡಿಯಬೇಕು. ಆಮೇಲೆ ಉಕ್ಕು ಹೊಳೆಯುವವರೆಗೆ ಉಜ್ಜಿ ರಕ್ಷಣೆಯ ಲೇಪ. ಹಳೇ ಕಾಂಕ್ರೀಟ್ ಮತ್ತು ಹೊಸ ಪ್ಯಾಚ್ ಸೇರುವ ಅಂಚಿನಲ್ಲಿ ಸತುವಿನ ಬಿಲ್ಲೆಗಳನ್ನು ಕಂಬಿಗೆ ಕಟ್ಟಿದೆವು. ಪ್ಯಾಚ್ ಹಾಕಿದ ಜಾಗ ಗಟ್ಟಿಯಾಗಿ ಅದರ ಪಕ್ಕದ ಹಳೇ ಭಾಗದಲ್ಲಿ ತುಕ್ಕು ಜೋರಾಗುವುದು ಹಳೇ ಸಮಸ್ಯೆ. ಈ ಬಿಲ್ಲೆ ತಾನು ಕರಗಿ ಉಕ್ಕನ್ನು ಉಳಿಸುತ್ತದೆ. ಬಟ್ಟೆ ಸುತ್ತಿದ ಮೇಲೆ ಒಳಗೆ ತುಕ್ಕು ಮುಂದುವರಿದರೆ ಹೊರಗೆ ಕಲೆ ಕೂಡ ಕಾಣುವುದಿಲ್ಲ, ಅದಕ್ಕೇ ಇಷ್ಟು ಹೇಳುತ್ತಿರುವುದು.

ಸೆಂಟ್ರಿಂಗ್ ಕಟ್ಟಿ ಕುಗ್ಗದ ಮೈಕ್ರೋ ಕಾಂಕ್ರೀಟ್ ಸುರಿದು, ಗೋಣಿಚೀಲ ಸುತ್ತಿ ನೀರು ಹಾಕಿದೆವು. ಬಿರುಕು 0.25 ಮಿ.ಮೀ.ಗಿಂತ ದೊಡ್ಡದಿದ್ದ ಕಡೆ ತೆಳು ಎಪಾಕ್ಸಿ (ಗಟ್ಟಿಯಾಗುವ ರಾಳದ ಅಂಟು) ಇಂಜೆಕ್ಷನ್.

ಇಲ್ಲಿಂದ ಮುಂದೆ ಬೇಕಾದದ್ದು ತಾಳ್ಮೆ. ಮೈಕ್ರೋ ಕಾಂಕ್ರೀಟ್ ಒಣಗಲು ಬಿಡಬೇಕು, ನಾಲ್ಕು ವಾರ ಅಂತ ಇಟ್ಟುಕೊಳ್ಳಿ. ಗೋಡೌನು ಆಚೆ ದಡದಲ್ಲಿದೆ, ಲಾರಿ ನಿಂತಿದೆ, ಮಾಲೀಕರ ಫೋನ್ ನಿಲ್ಲುತ್ತಿಲ್ಲ. ಅವರ ಕಷ್ಟ ನಿಜವೇ. ಹೊರಗಿಂದ ಕಂಬ ಒಣಗಿದಂತೆಯೇ ಕಾಣುತ್ತಿತ್ತು. ನಮ್ಮ ಮೇಸ್ತ್ರಿ ಯಾದಗಿರಿ ಕಡೆಯವರು, ಕಂಬದ ಮೇಲೆ ಕೈ ಇಟ್ಟು ‘ಇನ್ನಾ ತಂಪ್ ಐತ್ರಿ ಸರ, ಒಣಗಿಲ್ಲ’ ಅಂದರು. ಕೈ ಅಂದಾಜನ್ನು ಖಾತ್ರಿ ಮಾಡಲು ಪಾಲಿಥೀನ್ ಹಾಳೆಯ ಪರೀಕ್ಷೆ: ಒಂದೂವರೆ ಅಡಿ ಚೌಕದ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ರಾತ್ರಿ ಪೂರ್ತಿ ಬಿಟ್ಟು, ಹದಿನಾರು ಗಂಟೆ ಆದ ಮೇಲೆ ತೆಗೆಯಬೇಕು. ಹಾಳೆಯ ಒಳಮೈ ತುಂಬಾ ಸಣ್ಣ ಹನಿ ಕೂತಿತ್ತು, ಅದರ ಕೆಳಗೆ ಕಾಂಕ್ರೀಟ್ ಕಪ್ಪಗೆ. ಮಾಲೀಕರನ್ನೇ ಕರೆದು ತೋರಿಸಿದೆ. ಇದರ ಮೇಲೆ ಎಪಾಕ್ಸಿ ಬಳಿದರೆ ಆ ನೀರು ಅಂಟನ್ನೇ ಒಳಗಿಂದ ತಳ್ಳುತ್ತದೆ ಅಂತ ವಿವರಿಸಿದೆ. ಆಮೇಲೆ ಅವರು ಅವಸರ ಮಾಡಲಿಲ್ಲ, ಸರಕನ್ನು ಚಿಕ್ಕ ಗಾಡಿಯಲ್ಲಿ ಹಿಂದಿನ ರಸ್ತೆಯಿಂದ ಸಾಗಿಸಿಕೊಂಡರು. ಹಾಳೆ ಒಣಗಿ ಬರುವವರೆಗೆ ಕಾದೆವು.

ಮಾರ್ಚ್‌ನಲ್ಲಿ ಬಟ್ಟೆಯ ಕೆಲಸ. ಕಪ್ ವೀಲ್ ಹಾಕಿ ಕಂಬದ ಮೈ ಉಜ್ಜಿ, ಧೂಳು ಹೀರಿ ತೆಗೆದು, ಪ್ರೈಮರ್ ಬಳಿದು, ತಗ್ಗುಗಳಿಗೆ ಎಪಾಕ್ಸಿ ಪುಟ್ಟಿ. ತಗ್ಗು ಉಳಿದರೆ ಬಟ್ಟೆ ಅದರ ಮೇಲೆ ಸೇತುವೆಯಂತೆ ನಿಂತು ಕೆಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಬುಡದ ಕಡೆ ತೇವ ಪೂರ್ತಿ ಹೋಗುವುದೇ ಇಲ್ಲ, ಅಲ್ಲಿ ತೇವ ತಡೆಯುವ ಬೇರೆ ಪ್ರೈಮರ್. ಬೆಳಿಗ್ಗೆ ಬೇಗ ಶುರು ಮಾಡಲಿಲ್ಲ. ಕಂಬದ ಮೈ, ಇಬ್ಬನಿ ಕೂರುವ ತಾಪಮಾನಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಕಾಲುವೆಯೊಳಗೆ ಬೆಳಗಿನ ಹೊತ್ತು ಅದು ಸಿಗಲ್ಲ, ಬಿಸಿಲು ಏರಿದ ಮೇಲೆಯೇ.

ಕಂಬದ ಸುತ್ತಳತೆ 1885 ಮಿ.ಮೀ., ಅದಕ್ಕೆ 200 ಮಿ.ಮೀ. ಓವರ್‌ಲ್ಯಾಪ್ ಸೇರಿಸಿ ತುಂಡು ಕತ್ತರಿಸಿದೆವು. ರೆಸಿನ್ನಿನ ಎ, ಬಿ ಎರಡು ಡಬ್ಬಿಯನ್ನೂ ತೂಕದ ಯಂತ್ರದ ಮೇಲೆ ಇಟ್ಟೇ ಬೆರೆಸಬೇಕು, ಕಣ್ಣಂದಾಜು ನಡೆಯಲ್ಲ. ಒಂದೇ ಸಲ ಜಾಸ್ತಿ ಬೆರೆಸಲೂಬಾರದು. ಬಕೆಟ್‌ನಲ್ಲಿ ರಾಶಿ ಇದ್ದರೆ ತನ್ನ ಬಿಸಿಗೆ ತಾನೇ ಕಾದು ಹೊಗೆಯಾಡಿ ಕಲ್ಲಾಗುತ್ತದೆ. ಬೆರೆಸಿದ್ದನ್ನು ಅಗಲ ಟ್ರೇಗೆ ಸುರಿದುಕೊಂಡರೆ ಇನ್ನಷ್ಟು ಹೊತ್ತು ಸಿಗುತ್ತದೆ.

ಒಣ ಬಟ್ಟೆ ಬೂದು ಮಿಶ್ರಿತ ಕಪ್ಪು, ಮಂಕು. ಟ್ರೇ ಪಕ್ಕದ ಹಲಗೆಯ ಮೇಲೆ ಹಾಸಿ ರೆಸಿನ್ ಹಾಕಿ ರೋಲರ್ ಎಳೆದಾಗ ಅದು ನಿಧಾನವಾಗಿ ಹೀರಿಕೊಂಡು ಗಾಢ ಕಪ್ಪಾಗುತ್ತದೆ. ಎಲ್ಲಾದರೂ ಮಂಕು ಪಟ್ಟೆ ಉಳಿದರೆ ಅಲ್ಲಿ ಎಳೆಗೆ ರೆಸಿನ್ ತಲುಪಿಲ್ಲ ಅಂತ ಅರ್ಥ, ಹಾಗೇ ಬಿಟ್ಟರೆ ಆ ಎಳೆ ಸುಮ್ನೆ ಇದ್ದಂತೆ. ಇಬ್ಬರು ಎರಡು ತುದಿ ಹಿಡಿದು ಕಂಬಕ್ಕೆ ಒತ್ತಿ, ಒಬ್ಬರು ರೋಲರನ್ನು ಎಳೆಯ ದಿಕ್ಕಿನಲ್ಲೇ ಮಧ್ಯದಿಂದ ತುದಿಗೆ ಉರುಳಿಸುತ್ತಾರೆ. ಅಡ್ಡ ಉಜ್ಜಿದರೆ ಎಳೆ ಕದಲುತ್ತದೆ. ಗಾಳಿ ಗುಳ್ಳೆ ಅಂಚಿನಿಂದ ಸಣ್ಣ ಸದ್ದು ಮಾಡಿ ಹೊರಗೆ ಬರುತ್ತದೆ, ಆ ಸದ್ದು ನಿಲ್ಲುವವರೆಗೆ ಕೈ ನಿಲ್ಲಿಸುವಂತಿಲ್ಲ. ಎರಡನೇ ಪದರದ ಜಾಯಿಂಟ್ ಮೊದಲಿನದಕ್ಕೆ ಎದುರು ಬದಿ ಬರುವಂತೆ, ಪಟ್ಟಿಗಳ ಅಂಚೂ ಒಂದರ ಮೇಲೊಂದು ಬರದಂತೆ ಹಾಕಿದೆವು. ಕಾರ್ಬನ್ ಎಲ್ಲೂ ಕಂಬಿಗೆ ನೇರ ತಾಗಬಾರದು, ತಾಗಿದರೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಕಡೇ ರೆಸಿನ್ ಹಸಿ ಇರುವಾಗಲೇ ಒಣ ಕ್ವಾರ್ಟ್ಜ್ ಮರಳು ಎರಚಿದೆವು, ಮೇಲೆ ಗಾರೆ ಹಿಡಿಯಲಿ ಅಂತ.

ರೆಸಿನ್ ಗಟ್ಟಿಯಾದ ಮೇಲೆ ಮೇಸ್ತ್ರಿ ನಾಣ್ಯ ಹಿಡಿದು ಪ್ರತಿ ಕಂಬವನ್ನೂ ಇಂಚಿಂಚು ತಟ್ಟಿದರು. ಗಟ್ಟಿ ಜಾಗದಲ್ಲಿ ಚುಟುಕಾದ ಸದ್ದು, ಮೊದಲ ಸಾಲಿನ ಒಂದು ಕಂಬದ ಓವರ್‌ಲ್ಯಾಪ್ ತುದಿಯಲ್ಲಿ ಬೇರೆ ಸದ್ದು. ‘ಸರ, ಇಲ್ಲಿ ಒಳಗ ಟೊಳ್ಳ ಐತ್ರಿ.’ ಸೀಮೆಸುಣ್ಣದಲ್ಲಿ ಗುರುತು ಮಾಡಿದರೆ ಸುಮಾರು 80 ಗುಣಿಸು 60 ಮಿ.ಮೀ. ನಿಯಮ ಹೀಗಿದೆ: 1300 ಚದರ ಮಿ.ಮೀ.ಗಿಂತ ಸಣ್ಣ ಟೊಳ್ಳು ಅಲ್ಲೊಂದು ಇಲ್ಲೊಂದು ಇದ್ದರೆ ಬಿಡಬಹುದು, 16,000 ದಾಟಿದರೆ ಕತ್ತರಿಸಿ ಹೊಸ ತುಂಡು ಹಾಕಬೇಕು, ನಡುವಿನದಕ್ಕೆ ರೆಸಿನ್ ತುಂಬಬಹುದು. ಇದು 4800. ಎರಡು ಸಣ್ಣ ತೂತು, ಒಂದರಿಂದ ಸಿರಿಂಜ್‌ನಲ್ಲಿ ತುಂಬಿ ಇನ್ನೊಂದರಿಂದ ಹೊರಬರುವವರೆಗೆ ಒತ್ತಿದರು. ಮರುದಿನ ತಟ್ಟಿದಾಗ ಸದ್ದು ಸರಿಹೋಗಿತ್ತು.

ಪುಲ್ ಆಫ್ ಟೆಸ್ಟನ್ನು ಬಿಡಲೇಬಾರದು. ಲೋಹದ ಬಿಲ್ಲೆ ಅಂಟಿಸಿ, ಸುತ್ತ ಕೊರೆದು ಎಳೆಯುತ್ತಾರೆ. ಕನಿಷ್ಠ 1.4 ಎಂಪಿಎ ಬೇಕು. ನಮಗೆ 1.9ರಿಂದ 2.4ರೊಳಗೆ ಬಂತು. ಸಂಖ್ಯೆಗಿಂತ ನಾನು ನೋಡುವುದು ಬಿಲ್ಲೆಯ ಹಿಂಭಾಗ. ಪ್ರತಿಯೊಂದಕ್ಕೂ ಜಲ್ಲಿ ಸಮೇತ ಕಾಂಕ್ರೀಟ್ ಕಿತ್ತು ಬಂದಿತ್ತು, ಅಂಟು ಬಿಟ್ಟಿರಲಿಲ್ಲ.

ಬೆಂಕಿಯ ವಿಷಯಕ್ಕೆ ಬರುತ್ತೇನೆ. ಈ ರೆಸಿನ್ 60–80 ಡಿಗ್ರಿ ಸುಮಾರಿಗೆ ಮೆತ್ತಗಾಗುತ್ತದೆ. ನಮ್ಮೂರಿನಲ್ಲಿ ಸೇತುವೆ ಕೆಳಗೆ ಕಸ, ವೈರು ಸುಡುವವರು ಎಲ್ಲ ಕಡೆ ಇದ್ದಾರೆ. ಹಾಗಾಗಿ ಬಟ್ಟೆ ಪೂರ್ತಿ ಹೋದರೂ ಕಂಬ ಬೀಳಬಾರದು. ಸೇತುವೆಯ ಸ್ವಂತ ಭಾರದ 1.1 ಪಟ್ಟು, ವಾಹನ ಭಾರದ 0.75 ಪಟ್ಟು ಬಟ್ಟೆಯಿಲ್ಲದ ಕಂಬವೇ ಹೊರಬೇಕು. ಕಂಬಿ ಸೇರಿಸಿದ ಮೇಲಿನ ಲೆಕ್ಕದಲ್ಲಿ ಅದು ಸರಿಬಂತು. ಕಾರ್ಬನ್ ಹಳೇದೇನಲ್ಲ, ಹೊಸದೂ ಅಲ್ಲ. 1991ರಲ್ಲಿ ಸ್ವಿಟ್ಜರ್ಲೆಂಡಿನ ಇಬಾಖ್ ಸೇತುವೆಗೆ 175 ಕಿಲೋ ಉಕ್ಕಿನ ಬದಲು 6.2 ಕಿಲೋ ಕಾರ್ಬನ್ ಪಟ್ಟಿ ಅಂಟಿಸಿದರು, 1995ರ ಕೋಬೆ ಭೂಕಂಪದ ನಂತರ ಜಪಾನಿನಲ್ಲಿ ಕಂಬಗಳಿಗೆ ಸುತ್ತೋದು ಜೋರಾಯಿತು. ಅಷ್ಟು ಅನುಭವ ಇದ್ದರೂ ಬಟ್ಟೆಯಿಲ್ಲದೆಯೂ ಕಂಬ ನಿಲ್ಲಬೇಕು ಅನ್ನುವ ನಿಯಮ ಹೋಗಿಲ್ಲ.

ಮಳೆಯಲ್ಲಿ ಮರದ ದಿಮ್ಮಿ, ಕಲ್ಲು ಬಂದು ಬಡಿಯುತ್ತವೆ. ಅದಕ್ಕೆ ನೆರೆ ಮಟ್ಟದವರೆಗೆ 40 ಮಿ.ಮೀ. ಪಾಲಿಮರ್ ಗಾರೆ, ನೀರು ಬರುವ ಬದಿಗೆ ಒಳಗೆ ಜಾಲರಿ. ಈ ದಪ್ಪ ಮಾತ್ರ ಕಾಲುವೆಯ ಅಗಲದಿಂದ ಹೋಗುತ್ತದೆ, ಕಾಂಕ್ರೀಟ್ ಜಾಕೆಟ್‌ಗೆ ಹೋಗುತ್ತಿದ್ದುದರ ಅರ್ಧಕ್ಕಿಂತ ಕಡಿಮೆ. ಬೆಂಕಿಗೂ ಅದು ಸ್ವಲ್ಪ ತಡೆ. ಅದರ ಮೇಲಿನ ಭಾಗಕ್ಕೆ ಬಿಸಿಲು ತಡೆಯುವ ಪಾಲಿಯುರೆಥೇನ್ ಬಣ್ಣ, ಏಕೆಂದರೆ ಬರೀ ಎಪಾಕ್ಸಿ ಬಿಸಿಲಿಗೆ ಪುಡಿಯಾಗುತ್ತದೆ. ಏಪ್ರಿಲ್ ಮಳೆ ಶುರುವಾಗುವುದರೊಳಗೆ ಮರಳು ಚೀಲ ತೆಗೆದು ಕಾಲುವೆ ಬಿಟ್ಟೆವು.

ಲಾರಿ ಈಗ ಓಡುತ್ತಿದೆ, ಒಂದು ಸಲಕ್ಕೆ ಒಂದೇ, ತೂಕದ ಮಿತಿ ಬೋರ್ಡಿನಲ್ಲಿದೆ. ಅಕ್ಟೋಬರ್ ಮಳೆ ನಿಂತ ಮೇಲೆ ಕಂಬದ ಮೇಲ್ಭಾಗ ಮತ್ತೆ ತಟ್ಟಿ ನೋಡಬೇಕು, ಎರಡನೇ ಸಾಲಿನ ಬುಡದಲ್ಲಿ ಹಾಸಿದ ಕಲ್ಲು ಕದಲಿದೆಯಾ ಅಂತ ಇಳಿದು ನೋಡಬೇಕು. ಕಂಬದ ಮೇಲೆ ಸ್ಲ್ಯಾಬ್ ಕೂರುವ ಬೇರಿಂಗ್ ಪ್ಯಾಡ್‌ಗಳ ರಬ್ಬರ್ ಬಿರುಕು ಬಿಟ್ಟಿದೆ. ಅದನ್ನು ಬದಲಿಸಲು ಸ್ಲ್ಯಾಬ್ ಎತ್ತಬೇಕು, ಜ್ಯಾಕ್ ಎಲ್ಲಿಡಬೇಕು ಅನ್ನುವ ಲೆಕ್ಕ ಈಗ ಮಾಡುತ್ತಿದ್ದೇವೆ.